ಮನೆ, ಮಕ್ಕಳು, ಮ್ಯಾರಥಾನ್: ಹೊತ್ತು ಹೊಂದಿಸುವ ಬಗೆ

ಭಾನುವಾರ ಬೆಳಿಗ್ಗೆ 28 ಕಿಲೋಮೀಟರ್ ಲಾಂಗ್ ರನ್ ಇದೆ ಅಂದುಕೊಳ್ಳಿ. ಕಿಲೋಮೀಟರಿಗೆ ಏಳು ನಿಮಿಷದಂತೆ ಓಡಿದರೆ ಸುಮಾರು ಮೂರೂಕಾಲು ಗಂಟೆ. ನಿಮ್ಮ ವಾಚು ತೋರಿಸುವುದು ಅಷ್ಟೇ. ಮನೆಯವರ ಲೆಕ್ಕ ಬೇರೆ. ಎದ್ದು ತಯಾರಾಗುವುದಕ್ಕೆ ಅರ್ಧ ಗಂಟೆ. ಓಡುವ ಜಾಗಕ್ಕೆ ಹೋಗಿ ಬರುವುದಕ್ಕೆ ಇನ್ನರ್ಧ ಗಂಟೆ. ಬಂದ ಮೇಲೆ ಸ್ಟ್ರೆಚಿಂಗ್, ಸ್ನಾನ, ತಿಂಡಿ ಅಂತ ಒಂದು ಗಂಟೆ. ಮಧ್ಯಾಹ್ನ ಕಾಲು ಚಾಚಿ ಮಲಗುವ ಇನ್ನೊಂದು ಗಂಟೆ. ಕೂಡಿಸಿದರೆ ಆರು ಗಂಟೆ ದಾಟುತ್ತದೆ. ಆ ಆರು ಗಂಟೆ ಮಕ್ಕಳನ್ನು ನೋಡಿಕೊಂಡವರು ಯಾರು? ಅಡುಗೆ ಮಾಡಿದವರು, ಬಟ್ಟೆ ಒಗೆದವರು ಯಾರು? ಟ್ರೈನಿಂಗ್ ಪ್ಲಾನ್ ಬರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು.

ನಾನು ಕೆಲಸಕ್ಕೆ ಹೋಗುವ ತಾಯಿ. ಮನೆಯಲ್ಲಿ ಐದನೇ ಕ್ಲಾಸಿನ ಮಗಳು, ಈಗಲೂ ಕೆಲವು ರಾತ್ರಿ ಎದ್ದು ಅಮ್ಮನನ್ನು ಹುಡುಕುವ ಸಣ್ಣ ಮಗ, ವಾರವಾರವೂ ಶಿಫ್ಟ್ ಬದಲಾಗುವ ಕೆಲಸದಲ್ಲಿರುವ ನಮ್ಮ ಮನೆಯವರು, ಜೊತೆಗೆ ಅತ್ತೆ. ಮ್ಯಾರಥಾನ್ ಓಡುತ್ತೇನೆ. ಈಚೆಗೆ ಹಾಫ್ ಐರನ್‌ಮ್ಯಾನ್ ದೂರದ ಟ್ರಯಥ್ಲಾನ್‌ಗೂ ಇಳಿದಿದ್ದೇನೆ. ಅಂದರೆ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಕೊನೆಗೆ 21.1 ಕಿಲೋಮೀಟರ್ ಓಟ. ಇಷ್ಟೆಲ್ಲ ಇಟ್ಟುಕೊಂಡು ಹೇಗೆ ನಡೆಸುತ್ತೀಯ ಅಂತ ಆಫೀಸಿನಲ್ಲಿ ಕೇಳುತ್ತಲೇ ಇರುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಕೊಡುವ ಮೊದಲು

ಜನ ಓಟವನ್ನು ಆರಿಸುವುದು ಊರು ನೋಡಿ, ಮೆಡಲ್ ನೋಡಿ, ಗೆಳೆಯರು ಹೊರಟಿದ್ದಾರೆ ಅಂತ. ಸಂಸಾರ ಇರುವವರು ಮೊದಲು ನೋಡಬೇಕಾದದ್ದು ತಾರೀಖು. ಮ್ಯಾರಥಾನ್ ತಯಾರಿಗೆ ಸಾಮಾನ್ಯವಾಗಿ 16ರಿಂದ 18 ವಾರ ಹಿಡಿಯುತ್ತದೆ. ಅಷ್ಟೂ ವಾರ ಒಂದೇ ಸಮ ಭಾರ ಇರುವುದಿಲ್ಲ. ಓಟಕ್ಕೆ ಎಂಟು ವಾರ ಉಳಿದಾಗಿನಿಂದ ಮೂರು ವಾರ ಉಳಿಯುವವರೆಗಿನ ಹೊತ್ತೇ ನಿಜವಾದ ಕಷ್ಟದ ಹೊತ್ತು. ಉದ್ದದ ಓಟಗಳೆಲ್ಲ ಅಲ್ಲೇ ಬರುತ್ತವೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಓಟದ ದಿನದಿಂದ ಹಿಂದಕ್ಕೆ ಎಣಿಸಿ, ಆ ವಾರಗಳಿಗೆ ಗೆರೆ ಎಳೆಯಿರಿ. ಅಲ್ಲಿ ಮಕ್ಕಳ ಪರೀಕ್ಷೆ ಇದೆಯಾ? ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಲಾಟೆ ಇದೆಯಾ? ಮನೆಯಲ್ಲಿ ಯಾರದಾದರೂ ಆಪರೇಷನ್ ಇದೆಯಾ? ಇದ್ದರೆ ಆ ಓಟ ಈ ವರ್ಷ ಬೇಡ. ಸಂಸಾರಸ್ಥರ ತಯಾರಿ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಕಾಲು ಕೈಕೊಟ್ಟು ಅಲ್ಲ, ಮನೆಯ ಕೆಲಸ ಕೈಮೀರಿ. ತಾರೀಖು ಸರಿ ಇದ್ದರೆ ಆ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ.

ಆಮೇಲೆ ದೂರ. ಹಾಫ್ ಮ್ಯಾರಥಾನ್‌ಗೆ ವಾರಕ್ಕೆ ಮೂರು ನಾಲ್ಕು ಗಂಟೆ ಸಿಕ್ಕರೆ ನಡೆಯುತ್ತದೆ. ಫುಲ್ ಮ್ಯಾರಥಾನ್ ಚೆನ್ನಾಗಿ ಮುಗಿಸಲು ಐದು ಗಂಟೆಯಾದರೂ ಬೇಕು ಅನ್ನುವುದು ನನ್ನ ಅನುಭವ. ಹಾಫ್ ಐರನ್‌ಮ್ಯಾನ್ ಅಂದರೆ ಏಳೆಂಟು ಗಂಟೆ, ಯಾಕೆಂದರೆ ಸೈಕಲ್ ಹೊತ್ತು ತಿನ್ನುತ್ತದೆ. ಪುಟ್ಟ ಮಗು ಇರುವ ಮನೆಯವರು ಹಾಫ್ ಮ್ಯಾರಥಾನನ್ನೇ ಎರಡು ಮೂರು ವರ್ಷ ಓಡಿ. ಅದರಲ್ಲಿ ಸಣ್ಣತನ ಏನೂ ಇಲ್ಲ. ದೂರ ಎಲ್ಲಿಗೂ ಓಡಿಹೋಗುವುದಿಲ್ಲ, ಮಗು ಮಾತ್ರ ಬೇಗ ದೊಡ್ಡದಾಗುತ್ತದೆ.

ಹೆತ್ತ ಮೇಲೆ ಓಟಕ್ಕೆ ಮರಳುವ ತಾಯಂದಿರಿಗೆ ಒಂದು ಮಾತು. 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟುಗಳು ಈ ಬಗ್ಗೆ ಒಂದು ಮಾರ್ಗಸೂಚಿ ಹೊರತಂದರು. ಹೆರಿಗೆಯಾಗಿ 12 ವಾರ ಕಳೆಯುವ ಮೊದಲು ಓಟ ಬೇಡ, ಆಮೇಲೂ ಸೊಂಟದ ಕೆಳಗಿನ ಸ್ನಾಯುಗಳ ಶಕ್ತಿ ಪರೀಕ್ಷಿಸಿಯೇ ಓಡಿ ಅಂತ ಅದರಲ್ಲಿದೆ. ಮೂತ್ರ ಸೋರುವುದು, ಕೆಳಗೆ ಭಾರ ಎಳೆದಂತಾಗುವುದು ಇದ್ದರೆ ಸಹಿಸಿಕೊಂಡು ಓಡಬೇಡಿ, ಫಿಸಿಯೋ ಹತ್ತಿರ ಹೋಗಿ. ಇನ್ನೊಂದು ವಿಷಯ. ದೊಡ್ಡ ಓಟಕ್ಕೆ ಹಣ ಕಟ್ಟುವಾಗ, ಬಸುರಿಯಾದರೆ ಮುಂದಿನ ವರ್ಷಕ್ಕೆ ಹಾಕಲು ಆಗುತ್ತದಾ ಅಂತ ನಿಯಮ ಓದಿ. 2018ರಲ್ಲಿ ಮಾಂಟ್ ಬ್ಲಾಂಕ್ ಸುತ್ತಿನ 171 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಸೋಫಿ ಪವರ್ ಅನ್ನುವ ಬ್ರಿಟಿಷ್ ಓಟಗಾರ್ತಿ ಮೂರು ತಿಂಗಳ ಕೂಸಿಗೆ ಹಾಲು ಕುಡಿಸುತ್ತಾ ಕೂತ ಫೋಟೋ ಎಲ್ಲೆಡೆ ಹರಿದಾಡಿತು. ಗಾಯವಾದವರಿಗೆ ಓಟ ಮುಂದಕ್ಕೆ ಹಾಕಲು ಅವಕಾಶ ಇತ್ತು, ಬಸುರಿಯರಿಗೆ ಇರಲಿಲ್ಲ. ಆಮೇಲೆ ಅವರು ಈ ನಿಯಮ ಬದಲಾಯಿಸಲೆಂದೇ ದುಡಿದರು. ಇವತ್ತು ಹಲವು ಓಟಗಳಲ್ಲಿ ಆ ಅವಕಾಶ ಸಿಗುತ್ತಿದ್ದರೆ ಅದರ ಹಿಂದೆ ಅವರಂಥ ತಾಯಂದಿರ ಶ್ರಮ ಇದೆ.

ಇದೆಲ್ಲ ಆದ ಮೇಲೆ, ಹಣ ಕಟ್ಟುವ ಮೊದಲು, ಮನೆಯಲ್ಲಿ ಮಾತಾಡಿ. "ಹೆಸರು ಕೊಟ್ಟುಬಿಟ್ಟಿದ್ದೇನೆ" ಅಂತ ಹೇಳುವುದಕ್ಕೂ "ಕೊಡಲಾ?" ಅಂತ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಕೇಳುವಾಗ ಗಂಟೆಗಳಲ್ಲಿ ಕೇಳಿ. "ಸ್ವಲ್ಪ ಟ್ರೈನಿಂಗ್ ಜಾಸ್ತಿ ಆಗುತ್ತೆ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಹೀಗೆ ನಡೆಯಿತು.

"ರೀ, ಆರು ವಾರ ಭಾನುವಾರ ಬೆಳಿಗ್ಗೆ ಹತ್ತೂವರೆ ತನಕ ನಾನು ಮನೆಗೆಲಸಕ್ಕೆ ಸಿಗಲ್ಲ. ಆಗುತ್ತಾ?"

"ನೈಟ್ ಶಿಫ್ಟ್ ಮುಗಿಸಿ ಬಂದ ಭಾನುವಾರ ಆಗಲ್ಲ ಕಣೇ. ಅವತ್ತು ನನಗೆ ನಿದ್ದೆ ಬೇಕು."

"ಆ ವಾರ ಶನಿವಾರಕ್ಕೆ ಹಾಕ್ಕೊಳ್ತೀನಿ. ಬುಧವಾರ ಸಂಜೆ ನಿಮ್ಮ ಬ್ಯಾಡ್ಮಿಂಟನ್, ಅದನ್ನ ನಾನು ಮುಟ್ಟಲ್ಲ."

ಈ ಕೊನೆಯ ಸಾಲು ಮುಖ್ಯ. ನನಗೆ ಸಿಕ್ಕ ಹೊತ್ತು ಅವರ ಕೈಯಿಂದ ಬಂದದ್ದು. ಅವರಿಗೂ ಅಷ್ಟೇ ಖಾತ್ರಿಯಾದ ಹೊತ್ತು ಬೇಕು. ಅವರು ಆಡಲಿ, ಮಲಗಲಿ, ಸುಮ್ನೆ ಕೂರಲಿ, ಅದು ಅವರಿಷ್ಟ. ಗಂಡ ಓಡಿ ಹೆಂಡತಿ ಮನೆ ನೋಡಿಕೊಳ್ಳುವ ಮನೆಗಳಲ್ಲಿ ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಅಲ್ಲಿ ಆ ಹೊತ್ತನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಜ್ಜಿ ತಾತ ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಅತ್ತೆ ಇದ್ದಾರಲ್ಲ ಅಂತ ಮಗುವನ್ನು ಬಿಟ್ಟು ಹೊರಡುವುದು ಸರಿಯಲ್ಲ. ನಮ್ಮ ಅತ್ತೆ ಬೆಳಿಗ್ಗೆ ಬೇಗ ಏಳುತ್ತಾರೆ, ಆ ಹೊತ್ತಿಗೆ ಮೊಮ್ಮಗ ಎದ್ದರೆ ಅವರಿಗೆ ಖುಷಿಯೇ. ಆದರೆ ಸಂಜೆ ಅವರಿಗೆ ಮಂಡಿ ನೋವು. ಹಾಗಾಗಿ ಸಂಜೆಯ ಓಟಕ್ಕೆ ಅವರನ್ನು ನೆಚ್ಚಿಕೊಳ್ಳುವುದಿಲ್ಲ.

ವಾರದ ಹಾಳೆ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಇದೆ. ಮಗಳ ಗಣಿತದ ನೋಟ್‌ಬುಕ್ಕಿನಿಂದ ಹರಿದ ಚೌಕದ ಗೆರೆಯ ಹಾಳೆ. ಅಡ್ಡಕ್ಕೆ ಏಳು ದಿನ, ಉದ್ದಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಶನಿವಾರ ರಾತ್ರಿ ಊಟ ಆದ ಮೇಲೆ ಮುಂದಿನ ವಾರದ್ದನ್ನು ತುಂಬುತ್ತೇವೆ. ತುಂಬುವುದಕ್ಕೂ ಒಂದು ಕ್ರಮ ಇದೆ. ಮೊದಲು ಮಕ್ಕಳದ್ದು: ಟೆಸ್ಟ್, ಡೆಂಟಿಸ್ಟ್, ಪೇರೆಂಟ್ಸ್ ಮೀಟಿಂಗ್. ಅದನ್ನು ಮಗಳೇ ನೀಲಿ ಪೆನ್ನಿನಲ್ಲಿ ಬರೆಯುತ್ತಾಳೆ. ಆಮೇಲೆ ಅಪ್ಪನ ಶಿಫ್ಟ್, ನನ್ನ ಆಫೀಸಿನ ತಪ್ಪಿಸಲಾಗದ ಮೀಟಿಂಗು, ಅತ್ತೆಯ ಚೆಕಪ್. ಕೊನೆಗೆ ಉಳಿದ ಖಾಲಿ ಚೌಕಗಳಲ್ಲಿ ನನ್ನ ಓಟ, ಪೆನ್ಸಿಲ್‌ನಲ್ಲಿ. ಪೆನ್ಸಿಲ್ ಯಾಕೆಂದರೆ ಅಳಿಸಬೇಕಾಗುತ್ತದೆ. ಒಂದು ಸಲ ಮಗಳು ಗುರುವಾರದ ಚೌಕದ ಮೇಲೆ ಬೆರಳಿಟ್ಟು, "ಅಮ್ಮಾ, ಶುಕ್ರವಾರ ನನ್ನ ಸೈನ್ಸ್ ಪ್ರಾಜೆಕ್ಟ್ ಕೊಡ್ಬೇಕು. ಗುರುವಾರ ಸಂಜೆ ಓಡ್ಬೇಡ" ಅಂದಳು. ಅಳಿಸಿ ಬುಧವಾರ ಬೆಳಿಗ್ಗೆಗೆ ಬರೆದೆ. ಗುರುವಾರ ಬಂದಾಗ ಜಗಳ ಆಗಬೇಕಾಗಿದ್ದ ವಿಷಯ ಶನಿವಾರವೇ ಅರ್ಧ ನಿಮಿಷದಲ್ಲಿ ಮುಗಿಯಿತು.

ಫೋನಿನ ಕ್ಯಾಲೆಂಡರ್ ಹಂಚಿಕೊಂಡರೂ ಆಗುತ್ತದೆ. ಆದರೆ ಮಕ್ಕಳಿಗೂ ಅಜ್ಜಿಗೂ ಕಾಣುವಂತೆ ಗೋಡೆಯ ಮೇಲೊಂದು ಇರಲಿ. ಅಮ್ಮ ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಮಗುವಿಗೆ ಗೊತ್ತಿದ್ದರೆ ಅಳು ಕಡಿಮೆ. ಬರೆದ ಹೊತ್ತಿಗೆ ಬಾಗಿಲಲ್ಲಿ ಇರಿ. ಕಾಲು ಚೆನ್ನಾಗಿ ಓಡುತ್ತಿದೆ ಅಂತ ಇನ್ನೊಂದು ಸುತ್ತು ಹಾಕುವ ಆಸೆ ಬರುತ್ತದೆ, ನನಗೂ ಬರುತ್ತದೆ. ಬೇಡ. ಆ ಇಪ್ಪತ್ತು ನಿಮಿಷ ಬೇರೆಯವರದು.

ಸಿಕ್ಕ ಹೊತ್ತಿನಲ್ಲಿ ಏನು ಓಡಬೇಕು

ಈ ಭಾಗ ಸ್ವಲ್ಪ ಉದ್ದ. ಯಾಕೆಂದರೆ ಹೊತ್ತು ಕಡಿಮೆ ಇರುವವರು ತಯಾರಿಯ ವಿಜ್ಞಾನವನ್ನು ಒಂಚೂರು ತಿಳಿದುಕೊಂಡರೆ ತುಂಬಾ ಹೊತ್ತು ಉಳಿಯುತ್ತದೆ.

1980ರ ದಶಕದ ಮೊದಲಿಗೆ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಅವರ ಜೊತೆಗಾರರು ಕೆಲವು ಪ್ರಯೋಗ ಮಾಡಿದರು. ಜನರಿಗೆ ಹತ್ತು ವಾರ ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ ಕಠಿಣ ತರಬೇತಿ ಕೊಟ್ಟರು. ಆಮೇಲೆ 15 ವಾರ ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ರೀತಿ ಕಡಿತ ಮಾಡಿದರು. ದಿನದ ಹೊತ್ತನ್ನು 26 ನಿಮಿಷಕ್ಕೆ ಅಥವಾ 13 ನಿಮಿಷಕ್ಕೆ ಇಳಿಸಿದವರಲ್ಲಿ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಹಾಗೇ ಉಳಿಯಿತು. ವಾರಕ್ಕೆ ನಾಲ್ಕೇ ದಿನ, ಎರಡೇ ದಿನ ಮಾಡಿದವರಲ್ಲೂ ಉಳಿಯಿತು. ಜೋರನ್ನು ಕಡಿಮೆ ಮಾಡಿದವರಲ್ಲಿ ಮಾತ್ರ ಇಳಿಯಿತು. ಇನ್ನೊಂದು ಸೂಕ್ಷ್ಮ ಇದೆ. ದಿನಕ್ಕೆ 13 ನಿಮಿಷಕ್ಕೆ ಇಳಿದವರಲ್ಲಿ ತುಂಬಾ ಹೊತ್ತು ತಾಳುವ ಶಕ್ತಿ ಮಾತ್ರ ಸ್ವಲ್ಪ ಕುಗ್ಗಿತು.

ನಮ್ಮಂಥವರಿಗೆ ಇದರಲ್ಲಿ ಎರಡು ಪಾಠ. ಹೊತ್ತು ಕಡಿಮೆಯಾದ ವಾರದಲ್ಲಿ ಮೊದಲು ಕೈಬಿಡಬೇಕಾದದ್ದು ಸುಮ್ನೆ ಓಡುವ ಮಧ್ಯದ ಕಿಲೋಮೀಟರುಗಳನ್ನು. ಜೋರಾದ ಒಂದು ದಿನವನ್ನು ಉಳಿಸಿಕೊಳ್ಳಿ, ಉದ್ದದ ಒಂದು ದಿನವನ್ನು ಉಳಿಸಿಕೊಳ್ಳಿ. ನನ್ನ ವಾರ ನಿಂತಿರುವುದು ಈ ಎರಡರ ಮೇಲೆ. ಮೂರನೆಯದು ನಲವತ್ತೈದು ನಿಮಿಷದಿಂದ ಒಂದು ಗಂಟೆಯ ಆರಾಮದ ಓಟ. ಉಳಿದದ್ದೆಲ್ಲ ಸಿಕ್ಕರೆ ಸಿಕ್ಕಿತು.

ಜೋರಿನ ದಿನ ಹೀಗಿರುತ್ತದೆ. ಹತ್ತು ನಿಮಿಷ ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಳ್ಳುವುದು. ಆಮೇಲೆ ಮೂರು ನಿಮಿಷ ಜೋರು, ಎರಡು ನಿಮಿಷ ತೀರಾ ನಿಧಾನ, ಹೀಗೆ ಐದು ಸಲ. ಜೋರು ಅಂದರೆ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗದಷ್ಟು, ಆದರೆ ಐದನೆಯದನ್ನೂ ಮೊದಲನೆಯದರ ವೇಗದಲ್ಲೇ ಓಡಬಹುದಾದಷ್ಟು. ಕೊನೆಗೆ ಹತ್ತು ನಿಮಿಷ ತಣ್ಣಗಾಗುವುದು. ಒಟ್ಟು ನಲವತ್ತೈದು ನಿಮಿಷ. ಮನೆ ಬಾಗಿಲಿನಿಂದಲೇ ಶುರು ಮಾಡಿ ಬಾಗಿಲಿಗೇ ಮುಗಿಸಿ. ಟ್ರ್ಯಾಕ್ ಬೇಕು, ಗ್ರೌಂಡ್ ಬೇಕು ಅಂತ ಅರ್ಧ ಗಂಟೆ ಗಾಡಿ ಓಡಿಸಿಕೊಂಡು ಹೋಗಬೇಡಿ.

ಆರಾಮದ ಓಟ ನಿಜವಾಗಲೂ ಆರಾಮವಾಗಿರಲಿ. ಪೂರ್ತಿ ವಾಕ್ಯ ಆಡಲು ಬರಬೇಕು, ಏದುಸಿರು ಬಂದರೆ ಅದು ಆರಾಮ ಅಲ್ಲ. ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ಮೇಲ್ಮಟ್ಟದ ಕ್ರೀಡಾಪಟುಗಳನ್ನು ಗಮನಿಸಿ, ಅವರ ತಾಲೀಮಿನಲ್ಲಿ ಸುಮಾರು 80 ಭಾಗ ನಿಧಾನದ್ದು, 20 ಭಾಗ ಜೋರಿನದ್ದು ಅಂತ ಹೇಳಿದರು. ಆ ಲೆಕ್ಕವನ್ನು ವಾರಕ್ಕೆ ಐದು ಗಂಟೆ ಓಡುವವರು ಕಣ್ಣಿಗೆ ಒತ್ತಿಕೊಳ್ಳಬೇಕಾಗಿಲ್ಲ. ಆದರೆ ಅದರ ತಿರುಳು ನಮಗೆ ಇನ್ನೂ ಜಾಸ್ತಿ ಬೇಕು. ಎಲ್ಲವನ್ನೂ ಅರೆ ಜೋರಿನಲ್ಲಿ ಓಡಿದರೆ ಸಂಜೆ ಮಕ್ಕಳ ಮುಂದೆ ಕೂರುವಷ್ಟೂ ಜೀವ ಇರುವುದಿಲ್ಲ. ಮನೆಯವರ ಪಾಲಿನ ಚೈತನ್ಯ ಉಳಿಸಲೆಂದೇ ನಾನು ನಿಧಾನವಾಗಿ ಓಡುತ್ತೇನೆ.

ಲಾಂಗ್ ರನ್ನಿಗೆ ದೂರದ ಮಿತಿಗಿಂತ ಹೊತ್ತಿನ ಮಿತಿ ಹಾಕಿಕೊಳ್ಳಿ. ನನ್ನ ಮಿತಿ ಮೂರು ಗಂಟೆ, ತೀರಾ ಬೇಕಾದಾಗ ಅದರ ಮೇಲೆ ಕಾಲು ಗಂಟೆ. ಅದಕ್ಕೂ ಮೀರಿದರೆ ಸುಸ್ತು ಎರಡು ಮೂರು ದಿನ ಎಳೆಯುತ್ತದೆ, ಅದರ ಬೆಲೆ ತೆರುವವರು ಮನೆಯವರು. ಭಾನುವಾರ ಅಷ್ಟು ಹೊತ್ತು ಸಿಗದಿದ್ದರೆ ಎರಡು ಪಾಲು ಮಾಡಿ. ಶನಿವಾರ ಸಂಜೆ ಒಂದು ಗಂಟೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ. ದಣಿದ ಕಾಲಿನಲ್ಲೇ ಎರಡನೆಯದು ಶುರುವಾಗುವುದರಿಂದ ಒಳ್ಳೆಯ ಅಭ್ಯಾಸವೇ ಆಗುತ್ತದೆ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಉಪಾಯ. ಮನೆಮಂದಿಯೆಲ್ಲ ನೆಂಟರ ಮನೆಗೋ ಪಾರ್ಕಿಗೋ ಹೊರಟ ದಿನ ನಾನು ಬೇಗ ಎದ್ದು ಓಡುತ್ತಲೇ ಅಲ್ಲಿಗೆ ಹೋಗುತ್ತೇನೆ. ಅವರು ಗಾಡಿಯಲ್ಲಿ ನನ್ನ ಬಟ್ಟೆ, ಟವೆಲ್ ತರುತ್ತಾರೆ. ಆ ದಿನ ಮನೆಯಿಂದ ಕದ್ದ ಹೊತ್ತು ಬಹಳ ಕಡಿಮೆ. ಆಫೀಸಿಗೆ ಓಡುತ್ತಾ ಹೋಗುವುದು, ಸೈಕಲ್ ತುಳಿಯುವುದು ಇದೇ ಜಾತಿಯ ಉಪಾಯಗಳು. ಹೇಗೂ ದಾರಿಗೆ ಹೋಗುವ ಹೊತ್ತು ಅದು.

ಮಧ್ಯಾಹ್ನದ ಊಟದ ಬಿಡುವನ್ನೂ ಮರೆಯಬೇಡಿ. 1954ರ ಮೇ 6ರಂದು ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಓಡಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ. ಅವರ ಅಭ್ಯಾಸ ಹೆಚ್ಚಾಗಿ ನಡೆದದ್ದು ಮಧ್ಯಾಹ್ನದ ಬಿಡುವಿನಲ್ಲೇ. ಇನ್ನೂ ಈಚಿನ ಉದಾಹರಣೆ ಜಪಾನಿನ ಯೂಕಿ ಕವಾಉಚಿ. ಸೈತಾಮಾದಲ್ಲಿ ಶಾಲಾ ಕಚೇರಿಯ ಪೂರ್ಣಾವಧಿ ನೌಕರಿ ಮಾಡುತ್ತಲೇ 2018ರ ಬಾಸ್ಟನ್ ಮ್ಯಾರಥಾನನ್ನು ಚಳಿ, ಮಳೆ, ಎದುರುಗಾಳಿಯಲ್ಲಿ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದರು. ವೃತ್ತಿಪರ ಓಟಗಾರರು ದಿನಕ್ಕೆರಡು ಸಲ ಓಡುವಾಗ ಇವರು ಕೆಲಸದ ದಿನಗಳಲ್ಲಿ ಓಡುತ್ತಿದ್ದದ್ದು ಒಂದೇ ಸಲ, ಡ್ಯೂಟಿಗೆ ಹೋಗುವ ಮೊದಲು. ಅವರ ವೇಗ ನಮಗೆ ಬಾರದು. ನೌಕರಿಯ ಸಮಯಕ್ಕೆ ತಕ್ಕಂತೆ ಓಟ ಹೊಂದಿಸಿಕೊಂಡ ರೀತಿಯನ್ನು ಮಾತ್ರ ಹಾಗೇ ತೆಗೆದುಕೊಳ್ಳಬಹುದು.

ಬೆಳಗಿನ ಜಾವ ಮತ್ತು ನಿದ್ದೆ

ಬೆಳಗಿನ ಓಟ ಗೆಲ್ಲುವುದು ಹಿಂದಿನ ರಾತ್ರಿ. ಬಟ್ಟೆ, ಸಾಕ್ಸ್, ಶೂ, ಹೆಡ್‌ಲ್ಯಾಂಪ್, ಬೀಗದ ಕೈ ಎಲ್ಲವನ್ನೂ ಬಚ್ಚಲು ಮನೆಯ ಹೊರಗಿನ ಸ್ಟೂಲಿನ ಮೇಲೆ ಇಡುತ್ತೇನೆ. ಮಲಗುವ ಕೋಣೆಯ ಬೀರು ತೆಗೆದರೆ ಅದರ ಕಿರ್ರ್ ಶಬ್ದಕ್ಕೆ ಮಗ ಎದ್ದುಬಿಡುತ್ತಾನೆ. ಅಲಾರಂ ವಾಚಿನಲ್ಲಿ, ಬರೀ ವೈಬ್ರೇಷನ್. ಎದ್ದು ಹತ್ತು ನಿಮಿಷಕ್ಕೆ ರಸ್ತೆಯಲ್ಲಿರಬೇಕು. ಕತ್ತಲಿದ್ದರೆ ಬೆಳಕು ಬಿದ್ದಲ್ಲಿ ಹೊಳೆಯುವ ಜಾಕೆಟ್ ಹಾಕಿ, ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಮನೆಯಲ್ಲಿ ಹೇಳಿರಿ.

ಆದರೆ ಬೆಳಗಿನ ಓಟ ಎಂದರೆ ನಿದ್ದೆ ಕತ್ತರಿಸುವುದು ಅಂತ ಆಗಬಾರದು. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ಮೊದಲೇ ದೀಪ ಆರಬೇಕು, ಬೇರೆ ದಾರಿ ಇಲ್ಲ. ನಾನು ಬಿಟ್ಟದ್ದು ರಾತ್ರಿಯ ಫೋನು ಮತ್ತು ಟೀವಿ. ನಿದ್ದೆ ಕೆಟ್ಟ ಮೇಲೆ ಜೋರಾಗಿ ಓಡಿದರೆ ದೇಹ ಚೇತರಿಸಿಕೊಳ್ಳುವುದಿಲ್ಲ, ನೆಗಡಿ ಜ್ವರವೂ ಬೇಗ ಹಿಡಿಯುತ್ತದೆ. ಹಾಗಾಗಿ ನನಗೊಂದು ನಿಯಮ. ರಾತ್ರಿ ಮಗ ಎದ್ದು ಅತ್ತು, ನಿದ್ದೆ ಐದು ಗಂಟೆಗಿಂತ ಕಡಿಮೆಯಾದರೆ ಬೆಳಗಿನ ಓಟ ಇಲ್ಲ. ಐದಾರು ಗಂಟೆ ಸಿಕ್ಕಿದ್ದರೆ ಜೋರಿನ ಓಟವನ್ನು ಆರಾಮದ ಓಟ ಮಾಡುತ್ತೇನೆ. ಅದಕ್ಕಿಂತ ಜಾಸ್ತಿ ಸಿಕ್ಕಿದ್ದರೆ ಬರೆದದ್ದನ್ನು ಓಡುತ್ತೇನೆ. ಇದನ್ನು ಹಗಲಿನಲ್ಲೇ ಗಟ್ಟಿ ಮಾಡಿಟ್ಟುಕೊಳ್ಳಿ. ಬೆಳಗಿನ ಐದಕ್ಕೆ ಹಾಸಿಗೆಯಲ್ಲಿ ಕೂತು ಯೋಚಿಸಿದರೆ ಸರಿಯಾದ ತೀರ್ಮಾನ ಬರುವುದಿಲ್ಲ.

ಹಸಿವಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಓಡಿ ಬಂದವರು ಮನೆಯಲ್ಲಿ ಸಿಡುಕುವುದಕ್ಕೆ ಎಷ್ಟೋ ಸಲ ಕಾರಣ ಖಾಲಿ ಹೊಟ್ಟೆ. ಒಂದೂವರೆ ಗಂಟೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಲಿ. ಬಂದ ಕೂಡಲೇ ತಿನ್ನಲು ಏನಾದರೂ ಸಿದ್ಧವಿರಲಿ, ಅದನ್ನು ನೀವೇ ಹಿಂದಿನ ರಾತ್ರಿ ಮಾಡಿಟ್ಟಿರಿ. ಮಕ್ಕಳಿಗೆ ಬಡಿಸುತ್ತಾ ತಾನು ತಿನ್ನದೇ ಉಳಿಯುವ ತಾಯಂದಿರೇ ಜಾಸ್ತಿ. ದೂರದ ಓಟದ ಜೊತೆಗೆ ಅದು ನಡೆಯುವುದಿಲ್ಲ. ಮುಟ್ಟು ತಪ್ಪುವುದು, ಮೂಳೆ ನೋವು, ಸದಾ ಸುಸ್ತು ಕಂಡರೆ ತಿನ್ನುವುದು ಸಾಲುತ್ತಿಲ್ಲ ಅನ್ನುವ ಸೂಚನೆ ಇರಬಹುದು. ಡಾಕ್ಟರ ಹತ್ತಿರ ಹೋಗಿ. ಓಡುವಾಗ ಎದೆನೋವು, ತಲೆ ಸುತ್ತಿ ಬೀಳುವುದು ಆದರೆ ಆ ಕ್ಷಣವೇ ನಿಲ್ಲಿಸಿ.

ತಪ್ಪಿಹೋದ ದಿನಗಳು

ತಪ್ಪುತ್ತವೆ. ಮಗುವಿಗೆ ಜ್ವರ ಬರುತ್ತದೆ, ಆಫೀಸಿನಲ್ಲಿ ಏನೋ ಕೆಡುತ್ತದೆ. ತಪ್ಪಿದ್ದನ್ನು ಮರುದಿನದ ತಲೆಗೆ ಕಟ್ಟಬೇಡಿ. ಅದು ಬಡ್ಡಿ ಸಮೇತ ಸಾಲ ಬೆಳೆಸಿದ ಹಾಗೆ, ತೀರಿಸುವುದು ಮೊಣಕಾಲು. ಆರಾಮದ ಓಟ ತಪ್ಪಿದರೆ ಬಿಟ್ಟುಬಿಡಿ. ಜೋರಿನದ್ದೋ ಉದ್ದದ್ದೋ ತಪ್ಪಿದರೆ ಒಂದೆರಡು ದಿನದೊಳಗೆ ಜಾಗ ಸಿಕ್ಕಿದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಅದೂ ಹೋಯಿತು. ಒಂದು ವಾರ ಪೂರ್ತಿ ತಪ್ಪಿದರೆ ಮುಂದಿನ ವಾರ ಪ್ಲಾನಿನಲ್ಲಿ ಮುಂದಕ್ಕೆ ಹಾರದೆ ನಿಂತಲ್ಲಿಂದಲೇ ಶುರು ಮಾಡಿ.

ಒಂದು ವಾರಕ್ಕೆ ಎಲ್ಲ ಹೋಯಿತು ಅಂತ ಗಾಬರಿ ಬೇಡ. 1984ರಲ್ಲಿ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ತರಬೇತಿಯನ್ನು ಪೂರ್ತಿ ನಿಲ್ಲಿಸಿ ನೋಡಿದರು. ಮೂರು ವಾರ ಏನೂ ಮಾಡದಿದ್ದರೂ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಇಳಿದದ್ದು ಸುಮಾರು 7 ಪ್ರತಿಶತ. ಮಗುವಿನ ಹಾಸಿಗೆ ಪಕ್ಕದಲ್ಲಿ ಕೂತ ನಾಲ್ಕು ದಿನದಿಂದ ನಿಮ್ಮ ಮ್ಯಾರಥಾನ್ ಹಾಳಾಗುವುದಿಲ್ಲ. ನಿಶ್ಚಿಂತೆಯಿಂದ ಕೂತಿರಿ. ಜ್ವರ ನಿಮಗೇ ಬಂದರೆ ಅದು ಪೂರ್ತಿ ಹೋಗುವವರೆಗೆ ಓಡಬೇಡಿ. ಎದೆ ಕಟ್ಟಿದ ಕೆಮ್ಮು, ಮೈಕೈ ನೋವು ಇದ್ದರೂ ಅಷ್ಟೇ.

ಮನೆಯೊಳಗೆ

ಸೈಕಲ್ಲಿಗೆ ಇಂಡೋರ್ ಟ್ರೈನರ್, ಅಂದರೆ ಸೈಕಲ್ಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯುವ ಸ್ಟ್ಯಾಂಡು, ತೆಗೆದುಕೊಂಡದ್ದು ನಮ್ಮ ಮನೆಗೆ ದೊಡ್ಡ ಅನುಕೂಲ. ಹೊರಗೆ ಒಂದೂವರೆ ಗಂಟೆ ತುಳಿದಾಗ ಸಿಗ್ನಲ್, ಇಳಿಜಾರು ಅಂತ ಕಾಲು ಸುಮ್ಮನಿರುವ ಹೊತ್ತೇ ಎಷ್ಟೋ. ಒಳಗೆ ಒಂದು ಗಂಟೆಯೂ ತುಳಿತವೇ. ಮಗು ಎದ್ದರೆ ಇಳಿಯಬಹುದು. ಮಗಳು ಪಕ್ಕದಲ್ಲಿ ಕೂತು ಮಗ್ಗಿ ಒಪ್ಪಿಸುತ್ತಾಳೆ. ಹದಿನೇಳರ ಮಗ್ಗಿಗೆ ಉತ್ತರ ಹೇಳಲು ನನಗೆ ಉಸಿರು ಸಾಲದಿದ್ದರೆ ಆರಾಮದ ತುಳಿತ ಜೋರಾಗಿದೆ ಅಂತ ಅರ್ಥ, ಗೇರ್ ಇಳಿಸುತ್ತೇನೆ. ಫ್ಯಾನ್ ಹತ್ತಿರ ಇಟ್ಟುಕೊಳ್ಳಿ, ಒಳಗೆ ಬೆವರು ವಿಪರೀತ. ಸಣ್ಣ ಮಕ್ಕಳು ತಿರುಗುವ ಚಕ್ರಕ್ಕೆ, ಚೈನಿಗೆ ಬೆರಳು ಹಾಕದಂತೆ ಗಮನವಿರಲಿ. ಮಗ ಕೋಣೆಯಲ್ಲಿದ್ದರೆ ನಾನು ತುಳಿಯುವುದಿಲ್ಲ, ಅವನ ಜೊತೆ ವ್ಯಾಯಾಮ ಮಾಡುತ್ತೇನೆ.

ಆ ವ್ಯಾಯಾಮ ವಾರಕ್ಕೆ ಎರಡು ಸಲ, ಹದಿನೈದು ಇಪ್ಪತ್ತು ನಿಮಿಷ. ಸ್ಕ್ವಾಟ್, ಲಂಜ್, ಪ್ಲಾಂಕ್, ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ದೂರ ಓಡುವವರು ಇದನ್ನೇ ಮೊದಲು ಬಿಡುತ್ತಾರೆ. ಬಿಡಬೇಡಿ. ವರ್ಷಗಟ್ಟಲೆ ಕೂತು ಕೆಲಸ ಮಾಡುವ ಮೈಗೆ ಇದು ಬೇಕೇ ಬೇಕು. ಎಣಿಸುವುದು ನನ್ನ ಮಗ. "ಆರು, ಏಳು, ಒಂಬತ್ತು" ಅಂತ ಎಂಟನ್ನು ಹಾರಿಸುತ್ತಾನೆ, ನಾನು ಸರಿ ಮಾಡುತ್ತೇನೆ, ಮತ್ತೆ ಒಂದರಿಂದ ಶುರು.

ಮಗುವನ್ನು ಕೂರಿಸಿ ತಳ್ಳುತ್ತಾ ಓಡುವ ಜಾಗಿಂಗ್ ಸ್ಟ್ರಾಲರ್ ಬಗ್ಗೆ ಕೇಳುವವರಿದ್ದಾರೆ. ಕೂಸಿನ ಕತ್ತು ಗಟ್ಟಿಯಾಗಿ ನಿಲ್ಲುವ ಮೊದಲು ಬೇಡ. ಆರು ತಿಂಗಳಾದರೂ ಆಗಿರಬೇಕು, ಇನ್ನೂ ಕಾಯಿರಿ ಅನ್ನುವ ತಯಾರಕರೂ ಇದ್ದಾರೆ. ಮಕ್ಕಳ ಡಾಕ್ಟರನ್ನು ಕೇಳಿ. ಓಡಲೆಂದೇ ಮಾಡಿದ ಗಾಡಿಯನ್ನೇ ಬಳಸಿ, ಮುಂದಿನ ಚಕ್ರ ಲಾಕ್ ಮಾಡಿ, ಕೈಪಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ.

ಓಡದೇ ಇರುವ ಹೊತ್ತಿನಲ್ಲಿ ಓಟದ ಮಾತು ಕಡಿಮೆ ಇರಲಿ. ಊಟಕ್ಕೆ ಕೂತಾಗ ಪೇಸ್, ಹಾರ್ಟ್‌ರೇಟ್ ಅಂತ ಶುರು ಮಾಡಿದರೆ ಕೇಳುವವರಿಗೆ ಬೇಸರ. ಬಂದ ಕೂಡಲೇ ಫೋನ್ ಹಿಡಿದು ಓಟದ ಮ್ಯಾಪ್ ನೋಡುವುದನ್ನು ರಾತ್ರಿಗೆ ಇಟ್ಟುಕೊಳ್ಳಿ. ಮೂರು ಗಂಟೆ ಅಮ್ಮನಿಗಾಗಿ ಕಾದ ಮಗುವಿಗೆ ಬಾಗಿಲು ತೆಗೆದಾಗ ಅಮ್ಮ ಸಿಗಬೇಕು.

ಓಟದ ವಾರ, ಅದರ ಮುಂದಿನ ವಾರ

ಓಟಕ್ಕೆ ಎರಡು ವಾರ ಇರುವಾಗ ಟೇಪರ್ ಶುರುವಾಗುತ್ತದೆ, ಅಂದರೆ ಹಂತಹಂತವಾಗಿ ಕಡಿಮೆ ಮಾಡುವುದು. 2007ರಲ್ಲಿ ಬಂದ ಲಾರೆಂಟ್ ಬೊಸ್ಕೆ ಮತ್ತು ಸಂಗಡಿಗರ ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಎರಡು ವಾರ, ಓಡುವ ಪ್ರಮಾಣವನ್ನು ಶೇಕಡಾ 41ರಿಂದ 60ರಷ್ಟು ಇಳಿಸಿ, ಜೋರನ್ನೂ ವಾರದ ಓಟಗಳ ಸಂಖ್ಯೆಯನ್ನೂ ಹಾಗೇ ಇಟ್ಟರೆ ಲಾಭ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಈ ಎರಡು ವಾರದಲ್ಲಿ ಹೊತ್ತು ಉಳಿಯುತ್ತದೆ. ಅದನ್ನು ಮಕ್ಕಳ ಜೊತೆ ಕೂತು ಕಳೆಯಿರಿ. ಬಾಕಿ ಉಳಿದ ಮನೆಗೆಲಸವನ್ನೆಲ್ಲ ತೀರಿಸುತ್ತೇನೆ ಅಂತ ದಿನವಿಡೀ ನಿಂತು ಅಟ್ಟ ಗುಡಿಸಲು ಹೋದರೆ ಕಾಲಿಗೆ ಸಿಗಬೇಕಾದ ವಿಶ್ರಾಂತಿ ಸಿಗುವುದಿಲ್ಲ.

ಓಟದ ದಿನ ಮನೆಯವರು ಬರುವುದಾದರೆ ಅವರಿಗೂ ಒಂದು ಪ್ಲಾನ್ ಕೊಡಿ. ಒಂದು ಚೀಟಿಯಲ್ಲಿ ಬರೆಯಿರಿ: ಎಲ್ಲಿ ನಿಲ್ಲಬೇಕು, ನಾನು ಅಲ್ಲಿಗೆ ಎಷ್ಟರಿಂದ ಎಷ್ಟು ಗಂಟೆಯೊಳಗೆ ಬರುತ್ತೇನೆ, ರಸ್ತೆಯ ಯಾವ ಬದಿ, ಹತ್ತಿರ ಶೌಚಾಲಯ ಎಲ್ಲಿದೆ, ತಡವಾದರೆ ಯಾರಿಗೆ ಫೋನ್ ಮಾಡಬೇಕು. ಸಣ್ಣ ಮಕ್ಕಳನ್ನು ಬೆಳಗಿನ ಜಾವ ಸ್ಟಾರ್ಟಿಗೆ ಎಳೆದುಕೊಂಡು ಬರಬೇಡಿ. ಕೊನೆಯ ಒಂದು ಗಂಟೆಗೆ ಬಂದರೆ ಸಾಕು. ಮಧ್ಯದಲ್ಲಿ ಒಂದು ಕಡೆ, ಫಿನಿಷ್ ಹತ್ತಿರ ಒಂದು ಕಡೆ, ಅಷ್ಟೇ. 30ನೇ ಕಿಲೋಮೀಟರಿನ ನಂತರ ಎಲ್ಲೋ ಒಂದು ಕಡೆ ನಿಲ್ಲಲು ಹೇಳಿ, ಓಟಗಾರರಿಗೆ ಮನೆಯವರ ಮುಖ ಬೇಕಾಗುವುದು ಅಲ್ಲಿ. ಹಾಲುಣಿಸುವ ತಾಯಂದಿರು ಹಾಲು ಹಿಂಡಲು ಎಲ್ಲಿ ನಿಲ್ಲುವುದು ಅಂತಲೂ ಮೊದಲೇ ಗೊತ್ತು ಮಾಡಿಕೊಳ್ಳಿ. 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಬ್ರಿಟನ್ನಿನ 268 ಮೈಲಿಯ ಸ್ಪೈನ್ ರೇಸನ್ನು ಗಂಡಸರನ್ನೂ ಹಿಂದೆ ಹಾಕಿ 83 ಗಂಟೆ 12 ನಿಮಿಷದಲ್ಲಿ ಗೆದ್ದಾಗ ಚೆಕ್‌ಪಾಯಿಂಟುಗಳಲ್ಲಿ ಕೂತು ಹಾಲು ಹಿಂಡುತ್ತಿದ್ದರು. ಅದಕ್ಕೆ ಬೇಕಾದದ್ದೆಲ್ಲ ಅವರ ಪ್ಲಾನಿನಲ್ಲೇ ಇತ್ತು.

ಓಟ ಮುಗಿದ ಮೇಲಿನ ವಾರ ಪೂರ್ತಿ ಇನ್ನೊಬ್ಬರದು. ಮೊದಲೇ ಹೇಳಿಟ್ಟಿರಿ. ನಮ್ಮಲ್ಲಿ ಆ ವಾರ ಬೆಳಗಿನ ತಿಂಡಿ, ಮಕ್ಕಳನ್ನು ಶಾಲೆಗೆ ಹೊರಡಿಸುವುದು, ರಾತ್ರಿ ಮಗನನ್ನು ಮಲಗಿಸುವುದು ಎಲ್ಲ ನನ್ನ ಪಾಲು. ನಮ್ಮ ಮನೆಯವರು ಬುಧವಾರದ ಜೊತೆಗೆ ಶುಕ್ರವಾರವೂ ಬ್ಯಾಡ್ಮಿಂಟನ್‌ಗೆ ಹೋಗುತ್ತಾರೆ. ಅತ್ತೆ ಎರಡು ದಿನ ಅಕ್ಕನ ಮನೆಗೆ ಹೋಗಿ ಬರುತ್ತಾರೆ. ಮೆಟ್ಟಿಲು ಇಳಿಯಲು ಎರಡು ಮೂರು ದಿನ ಕಷ್ಟ ಆಗುತ್ತದೆ, ತೊಡೆ ಬಿಗಿದಿರುತ್ತದೆ. ಆದರೂ ಮನೆಗೆಲಸದ ನಡೆದಾಟ ಕಾಲಿಗೆ ಒಳ್ಳೆಯದೇ. ಎರಡು ವಾರ ಆರಾಮದ ಓಟ ಬಿಟ್ಟು ಬೇರೇನೂ ಬೇಡ. ಮುಂದಿನ ಓಟದ ಮಾತನ್ನು ಒಂದು ತಿಂಗಳು ಎತ್ತಬೇಡಿ. ಆಮೇಲೆ ಎತ್ತುವಾಗ, ಈ ಸಲ ಯಾರಿಗೆ ಏನು ಕಷ್ಟವಾಯಿತು ಅಂತ ಒಬ್ಬೊಬ್ಬರನ್ನೂ ಕೇಳಿ, ಮಕ್ಕಳನ್ನೂ ಸೇರಿಸಿ. ಹೋದ ಸಲ ನನ್ನ ಮಗಳು ಹೇಳಿದ್ದು, ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಲು ನಾನಿರುವುದಿಲ್ಲ ಅಂತ. ಈಗ ಅದನ್ನು ಶನಿವಾರ ಸಂಜೆಯ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದಾಳೆ, ಆ ಹೊತ್ತಿಗೆ ನಾನು ಓಟ ಇಟ್ಟುಕೊಳ್ಳುವುದಿಲ್ಲ.